ಮಹಜರಿಗೆ ಸಿಕ್ಕ ಸಮುದ್ರ

ನಂಜನಗೂಡಿನ ಗುರುಮಲ್ಲಪ್ಪ ಮೇಷ್ಟ್ರು ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ಬಂದವರು; ಸಮುದ್ರವನ್ನು ಮಾತ್ರ ನೋಡಿದವರಲ್ಲ. ಭೂಗೋಳ ಕಲಿಸುವವರು ಅದನ್ನು ಕಣ್ಣಿಂದ ನೋಡಿರಬೇಕು ಎಂದು ಶಿಕ್ಷಣ ಇಲಾಖೆ ಈವರೆಗೆ ಸುತ್ತೋಲೆ ಹೊರಡಿಸಿಲ್ಲವಾದ್ದರಿಂದ ಇದರಲ್ಲಿ ಕಾನೂನಿನ ತೊಡಕೇನೂ ಇರಲಿಲ್ಲ. ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಕಪ್ಪು ಹಲಗೆಯ ಎಡ ಅಂಚಿಗೆ ನೀಲಿ ಸೀಮೆಸುಣ್ಣದಿಂದ ಅರಬ್ಬೀ ಸಮುದ್ರವನ್ನು ಎಳೆಯುತ್ತಿದ್ದರು. ನಲವತ್ತು ನಿಮಿಷವಾದ ಮೇಲೆ ಡಸ್ಟರಿನಿಂದ ಒರೆಸುತ್ತಿದ್ದರು. ಕೈಗೆ ಅಂಟಿದ ನೀಲಿಯನ್ನು ನಲ್ಲಿಯಲ್ಲಿ ತೊಳೆದುಕೊಂಡರೆ ಸಮುದ್ರದೊಂದಿಗೆ ಅವರ ಆ ವರ್ಷದ ವ್ಯವಹಾರ ಮುಗಿಯಿತು.

ಮನೆಯಲ್ಲಿ ಮಾತ್ರ ಮುಗಿದಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಹೆಂಡತಿ ಮಂಗಳಗೌರಿ ಹೆಮ್ಮಿಗೆಯ ತವರಿನಿಂದ ತಂದ ಪೆಟ್ಟಿಗೆಯನ್ನು ಇನ್ನೂ ಪೂರ್ತಿ ಬಿಚ್ಚಿರದ ವಾರದಲ್ಲಿ, ಮೇಷ್ಟ್ರು ಉತ್ಸಾಹ ತಡೆಯಲಾರದೆ, "ಬರೋ ದಸರಾ ರಜಕ್ಕೆ ನಿನಗೆ ಸಮುದ್ರ ತೋರಿಸ್ತೀನಿ" ಎಂದುಬಿಟ್ಟಿದ್ದರು. ಆ ದಸರಾಕ್ಕೆ ಅವರಿಗೆ ಮತದಾರರ ಪಟ್ಟಿಯ ಕೆಲಸ ಬಿತ್ತು. ಮುಂದಿನ ದಸರಾಕ್ಕೆ ಚುನಾವಣೆಯೇ ಬಂತು. ಅದರ ಮುಂದಿನದಕ್ಕೆ ಅಮ್ಮನ ಮಂಡಿ, ಆಮೇಲೆ ಮಗಳ ಸೀತಾಳೆ ಸಿಡುಬು, ಮತ್ತೆ ಜನಗಣತಿ. ಹೀಗೆ ಇಪ್ಪತ್ತಾರು ದಸರಾಗಳು ಕಳೆದವು. ಎಂಟನೆಯ ವರ್ಷದಿಂದ ಮಂಗಳಗೌರಿ ಕೇಳುವುದನ್ನು ಬಿಟ್ಟಿದ್ದರು. ಕಾಯುವುದನ್ನು ಬಿಟ್ಟಿರಲಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ಗಂಡಸರಿಗೆ ಬೇಗ ತಿಳಿಯುವುದಿಲ್ಲ.

ಇಷ್ಟರಲ್ಲಿ ಮೇಷ್ಟ್ರ ಷಡ್ಡಕ ಬಸವೇಶ್ ಆಸ್ಟ್ರೇಲಿಯಾಕ್ಕೆ ಹೋಗಿಬಂದ.

ಮಂಗಳಗೌರಿಯ ತಂಗಿ ಶ್ವೇತಳ ಗಂಡ ಬಸವೇಶನಿಗೆ ತಿ. ನರಸೀಪುರದಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ. ಹೆಚ್ಚು ಮಾಲು ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ದೇಶಾಂತರ ಸುತ್ತಿಸುವುದುಂಟು. ಭತ್ತದ ಗದ್ದೆಗೆ ಸುರಿದ ಗೊಬ್ಬರದ ಪುಣ್ಯದಿಂದ ಬಸವೇಶ ಐದು ದಿನ ಆಸ್ಟ್ರೇಲಿಯಾದಲ್ಲಿದ್ದು, ವಾಪಸು ಬಂದ ಭಾನುವಾರವೇ ಬಂಧುಗಳನ್ನೆಲ್ಲ ಊಟಕ್ಕೆ ಕರೆದ. ಊಟ ನೆಪ. ಫೋಟೋಗಳು ಟಿವಿಯ ಮೇಲೆ ಬರುವ ಹಾಗೆ ಮೊದಲೇ ಜೋಡಿಸಿಟ್ಟಿದ್ದ. ಒಂದರಲ್ಲಿ ಕೆಂಪು ಮಣ್ಣಿನ ದಾರಿ, ಆಚೆ ಸಮುದ್ರ, ದಾರಿಯ ಮೇಲೆ ಧೂಳು ಮೆತ್ತಿದ ದೊಡ್ಡ ಜೀಪು, ಜೀಪಿನ ಬಾಗಿಲಿಗೆ ಮೊಣಕೈ ಊರಿ, ಕಪ್ಪು ಕನ್ನಡಕ ಹಾಕಿ ನಿಂತ ಬಸವೇಶ.

"ಇದೇ ಕಣ್ರಪ್ಪ ಔಟ್‌ಬ್ಯಾಕು," ಎಂದ. "ಡಾಂಬರು ಇಲ್ಲ, ಬೋರ್ಡಿಲ್ಲ. ಇನ್ನೂರು ಮೈಲಿ ಒಂದ್ ಟೀ ಅಂಗ್ಡಿ ಇಲ್ಲ!"

"ಟೀ ಅಂಗ್ಡಿ ಇಲ್ದಿರೋ ಊರ್‌ಗೆ ಅಷ್ಟ್ ದೂರ ಯಾಕಪ್ಪಾ ಓದ್ರಿ?" ಎಂದರು ಮಾವ ಚಿಕ್ಕಬಸಪ್ಪ. ಹೆಮ್ಮಿಗೆಯಿಂದ ಬಂದಿದ್ದ ಅವರಿಗೆ ಎಂಬತ್ತೊಂದು ವರ್ಷ. ಹಲ್ಲು ಹೋಗಿದ್ದರೂ ಪ್ರಶ್ನೆಗಳು ಹೋಗಿರಲಿಲ್ಲ.

ಬಸವೇಶ ಅವರನ್ನು ಬಿಟ್ಟು ಮೇಷ್ಟ್ರ ಕಡೆ ತಿರುಗಿದ. "ಅಣ್ಣ, ನೀವ್ ಹೇಳಿ. ಸಮುದ್ರದ ದಂಡೇಲಿ ಗಾಡಿ ಓಡ್ಸೋವಾಗ ಮರಳು ಎಲ್ಲಿ ಗಟ್ಟಿ ಇರ್ತದೆ? ನೀರ್ ಹತ್ರಾನಾ, ದೂರಾನಾ?"

ಮೇಷ್ಟ್ರ ಬಾಯಲ್ಲಿ ಹೋಳಿಗೆಯಿತ್ತು. ಅದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಗಿದರು. ಪಠ್ಯದಲ್ಲಿ ಈ ವಿಷಯ ಇರಲಿಲ್ಲ.

"ಅಯ್ಯೋ, ಭಾವ ಎಲ್ಲಿ ನೋಡವ್ರೆ ಬಿಡಿ ರೀ," ಎಂದಳು ಶ್ವೇತ, ತುಪ್ಪ ಬಡಿಸುತ್ತ. ಕರುಣೆಯಿಂದಲೇ ಅಂದಳು. ಅದೇ ಕಷ್ಟವಾಯಿತು.

"ನೋಡ್ತೀವಲ್ಲ," ಎಂದರು ಮೇಷ್ಟ್ರು. "ನಾವೂ ಹೊರಟಿದ್ದೀವಿ. ಏಪ್ರಿಲ್ ರಜಕ್ಕೆ. ಕಾರವಾರದಿಂದ ಕೆಳಗೆ, ಪೂರಾ ದಂಡೆ. ಹೈವೇ ಮುಟ್ಟೋ ಪ್ರಶ್ನೇನೇ ಇಲ್ಲ. ಬರೀ ಮಣ್ಣುದಾರಿ. ಸ್ವಂತ ಜೀಪು."

ಪಾಯಸದ ಸೌಟು ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಮಂಗಳಗೌರಿ ನಡುಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಪಾಯಸ ನೆಲಕ್ಕೆ ತೊಟ್ಟಿಕ್ಕಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ನೆಲಕ್ಕೆ ಏನನ್ನಾದರೂ ಚೆಲ್ಲಿದ್ದು ಅದೇ ಮೊದಲು.

"ನಿಜ್ವಾ ರೀ?" ಎಂದರು.

ಹನ್ನೊಂದು ಜನ ಮೇಷ್ಟ್ರ ಮುಖ ನೋಡುತ್ತಿದ್ದರು. "ಮತ್ತೇನು ಸುಳ್ಳಾ?" ಎಂದರು ಮೇಷ್ಟ್ರು.

ಮಾತು ಬಾಯಿಂದ ಬಿದ್ದ ಮೇಲೆ ಅದಕ್ಕೊಂದು ಜೀಪು ಬೇಕಾಯಿತು. ಬಿಳಿಗೆರೆಯ ಒಬ್ಬರು ಹಾಲಿನ ಕ್ಯಾನು ಸಾಗಿಸುತ್ತಿದ್ದ ಹಳೆಯ ಜೀಪೊಂದನ್ನು ಮಾರುವವರಿದ್ದರು. ಅದು ಬೀದಿಗೆ ಬಂದ ದಿನ ಎದುರುಮನೆಯ ವೆಂಕಟಮ್ಮನವರು ಆರತಿ ತಂದು, ನಿಂಬೆಹಣ್ಣು ಕಟ್ಟಿ, ಬಾನೆಟ್ಟಿಗೂ ನಂಬರ್ ಪ್ಲೇಟಿಗೂ ಅರಿಶಿನ ಕುಂಕುಮವನ್ನು ಧಾರಾಳವಾಗಿ ಮೆತ್ತಿದರು. ನಾಲ್ಕು ಅಂಕಿಗಳಲ್ಲಿ ಮೂರು ಕಾಣದಾದವು.

"ಸಮುದ್ರದ ನೀರು ಒಂದ್ ಬಾಟ್ಲಿ ತಂದ್ಕೊಡಿ ಮೇಷ್ಟ್ರೇ," ಎಂದರು. "ಪೂಜೆಗೆ."

"ಒಂದ್ಯಾಕೆ, ಎರಡ್ ತರ್ತೀವಿ ಬನ್ನಿ," ಎಂದು ಮಂಗಳಗೌರಿ ಮಾತು ಕೊಟ್ಟರು. ಅಷ್ಟು ಹೊತ್ತಿಗೆ ಅವರು ಕಾಲುಭಾಗ ಬೀದಿಗೆ ನೀರು, ಉಳಿದ ಮುಕ್ಕಾಲು ಭಾಗಕ್ಕೆ ಶಂಖ ತಂದುಕೊಡಲು ಒಪ್ಪಿಕೊಂಡಾಗಿತ್ತು. ನೆನೆದರೂ ಬೇಗ ಒಣಗುವಂಥ ಎರಡು ಸೀರೆ ತಂದಿದ್ದರು. ಪುಳಿಯೋಗರೆ ಗೊಜ್ಜು ಎಷ್ಟು ದಿನ ಕೆಡದೆ ಇರುತ್ತದೆಂದು ಒಂದು ಬಾಟಲಿಯನ್ನು ಪರೀಕ್ಷೆಗೆ ಇಟ್ಟಿದ್ದರು. ಸಂಜೆ ಜಗಲಿಯ ಮೇಲೆ ಕೂತು, "ನಂಗೆ ಬೇರೇನೂ ಬ್ಯಾಡ ಕಣ್ರೀ ವೆಂಕಟಮ್ಮ. ನೀರಲ್ಲಿ ಕಾಲಿಟ್ಕೊಂಡು ಒಸಿ ಒತ್ತು ನಿಂತ್ಕಂಡ್ರೆ ಸಾಕು" ಎನ್ನುತ್ತಿದ್ದರು. ಕಿಟಕಿಯ ಒಳಗಿದ್ದ ಮೇಷ್ಟ್ರಿಗೆ ಈ ಸ್ವಲ್ಪ ಹೊತ್ತಿನ ಆಸೆ ಕೇಳಿಸುತ್ತಿತ್ತು.

ಒಳಗೆ ಮೇಷ್ಟ್ರು ಯೋಜನೆ ಬರೆಯುತ್ತಿದ್ದರು. ಇಪ್ಪತ್ತೇಳು ವರ್ಷದ ಅಭ್ಯಾಸದಂತೆ ಅದು ಪಾಠ ಯೋಜನೆಯ ನಮೂನೆಯಲ್ಲೇ ಇತ್ತು. ಶೀರ್ಷಿಕೆ: ಕರಾವಳಿಯ ಮಣ್ಣುದಾರಿ. ಅವಧಿ: ಒಂಬತ್ತು ದಿನ. ಉದ್ದೇಶಗಳು, ಉಪಕರಣಗಳು, ಚಟುವಟಿಕೆ, ಮೌಲ್ಯಮಾಪನ. ಮೌಲ್ಯಮಾಪನದ ಕಾಲಮಿನಲ್ಲಿ "ಬಸವೇಶನಿಗೆ ಫೋಟೋ ಕಳಿಸುವುದು" ಎಂದಿತ್ತು.

ಜ್ಞಾನವೆಲ್ಲ ಫೋನಿನ ವಿಡಿಯೋಗಳಿಂದ. ಆಸ್ಟ್ರೇಲಿಯಾದ ಒಬ್ಬ ಗಡ್ಡದವನು ಮರಳಿನಲ್ಲಿ ಜೀಪು ಓಡಿಸುವುದನ್ನು ಕಲಿಸುತ್ತಿದ್ದ. ಅವನ ಇಂಗ್ಲಿಷಿನಲ್ಲಿ ಹತ್ತಕ್ಕೆ ಮೂರು ಮಾತು ಮೇಷ್ಟ್ರಿಗೆ ತಿಳಿಯುತ್ತಿತ್ತು. ಉಳಿದ ಏಳನ್ನು ಅನುಭವದಿಂದ ತುಂಬಿಕೊಂಡರು. ಟೈರಿನ ಗಾಳಿ ಇಳಿಸಬೇಕು. ಸಲಿಕೆ ಇಟ್ಟುಕೊಳ್ಳಬೇಕು. ಚಕ್ರ ಹೂತರೆ ಅಡಿಗೆ ಹಾಕಲು ಚೀಲಗಳಿಗೆ ಮರಳು ತುಂಬಿ ಸಿದ್ಧವಾಗಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹೊರೆ ಕಡಿಮೆ ಇರಬೇಕು. ಗಡ್ಡದವನು ಈ ಮಾತನ್ನು ಪ್ರತಿ ವಿಡಿಯೋದಲ್ಲೂ ಬೆರಳೆತ್ತಿ ಹೇಳುತ್ತಿದ್ದ. ಮೇಷ್ಟ್ರು ಅವನಿಗೆ ಅಂಜಿದರು.

ಹೀಗಾಗಿ ಒಂಬತ್ತನೆಯ ಪುಟದಲ್ಲಿ "ಹೊರೆ ತಗ್ಗಿಸುವಿಕೆ" ಎಂಬ ಪಟ್ಟಿ ಹುಟ್ಟಿತು. ಪಟ್ಟಿಯಲ್ಲಿ ವಸ್ತು, ತೂಕ, ಷರಾ ಎಂಬ ಮೂರು ಕಾಲಮುಗಳಿದ್ದವು. ಒಂದೊಂದಾಗಿ ಹೊಡೆದುಹಾಕುತ್ತ ಬಂದ ಮೇಷ್ಟ್ರು ಮೂರನೆಯ ಸಾಲಿನಲ್ಲಿ ಹೆಂಡತಿಯ ಹೆಸರು ಬರೆದು, ತೂಕವನ್ನು ಕಣ್ಣಂದಾಜಿನಿಂದ ತುಂಬಿ, ಎರಡು ದಿನ ಯೋಚಿಸಿ, ಷರಾ ಬರೆದರು. ಮನುಷ್ಯರು ಕೆಟ್ಟವರಾಗುವುದು ಕೆಟ್ಟತನದಿಂದಲೇ ಆಗಬೇಕೆಂದಿಲ್ಲ. ಕಾಲಮು ಖಾಲಿ ಬಿಡಬಾರದೆಂಬ ಶಿಸ್ತಿನಿಂದಲೂ ಆಗಬಹುದು. ಹೇಳೋಣ ಎಂದುಕೊಂಡರು. ಸೋಮವಾರ ಹೇಳೋಣ ಎಂದುಕೊಂಡರು. ಸೋಮವಾರ ಮಂಗಳಗೌರಿ ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿದ್ದರು.

ಫೆಬ್ರವರಿಯ ಒಂದು ಭಾನುವಾರ ಪ್ರಾಯೋಗಿಕ ತರಗತಿಯೆಂದು ನಿಗದಿಯಾಯಿತು. ಮರಳಿಗೆ ಸಮುದ್ರದವರೆಗೆ ಹೋಗಬೇಕಾಗಿರಲಿಲ್ಲ. ಮಾವನ ಊರು ಹೆಮ್ಮಿಗೆಯ ಹೊಳೆದಂಡೆಯಲ್ಲಿ ಬೇಕಾದಷ್ಟಿತ್ತು. ಮಂಗಳಗೌರಿಯನ್ನು ತವರುಮನೆಯ ಬಾಗಿಲಲ್ಲಿ ಇಳಿಸಿ, "ಒಂದು ಗಂಟೆ, ಬಂದೆ" ಎಂದು ಮೇಷ್ಟ್ರು ಜೀಪನ್ನು ಹೊಳೆಗೆ ಇಳಿಸಿದರು. ಹಿಂದೆ ಎರಡು ಸಲಿಕೆ, ಒಂದು ಟಾರ್ಪಾಲು, ಬಸವೇಶನ ಅಂಗಡಿಯಿಂದ ಕೇಳಿ ತಂದ ಹದಿನಾಲ್ಕು ಖಾಲಿ ಗೊಬ್ಬರದ ಚೀಲ.

ಗಡ್ಡದವನು ಟೈರಿನ ಗಾಳಿ ಎಷ್ಟು ಇಳಿಸಬೇಕೆಂದು ಹೇಳಿದ್ದನೋ ಅದು ಅರ್ಥವಾಗದ ಏಳು ಮಾತುಗಳಲ್ಲಿ ಸೇರಿತ್ತು. ಮೇಷ್ಟ್ರು ನಾಲ್ಕೂ ಟೈರುಗಳಿಗೆ ಉದಾರವಾಗಿ ಗಾಳಿ ಬಿಟ್ಟರು. ಜೀಪು ಇಪ್ಪತ್ತು ಗಜ ಹೋಗಿ, ಎಮ್ಮೆ ಮಲಗುವ ಹಾಗೆ, ಮೊದಲು ಮುಂದಕ್ಕೂ ಆಮೇಲೆ ಹಿಂದಕ್ಕೂ ಕೂತುಕೊಂಡಿತು. ಗಾಳಿ ತುಂಬುವ ಪಂಪು ಹೊರೆ ತಗ್ಗಿಸುವಿಕೆಯ ಒಂದನೆಯ ಸಾಲಿನಲ್ಲಿ ಹೋಗಿತ್ತು.

ಅವರು ಎದೆಗುಂದಲಿಲ್ಲ. ಪಂಚೆ ಎತ್ತಿ ಕಟ್ಟಿ, ಚೀಲಗಳಿಗೆ ಮರಳು ತುಂಬತೊಡಗಿದರು. ತುಂಬಿದ ಚೀಲದ ಬಾಯಿಯನ್ನು ಹುರಿಯಿಂದ ಬಿಗಿದು ಜೀಪಿನ ಹಿಂದೆ ಸಾಲಾಗಿ ಜೋಡಿಸಿದರು. ಬಿಸಿಲು ಬಿತ್ತೆಂದು ಟಾರ್ಪಾಲನ್ನು ಮೇಲೆ ಹೊದಿಸಿದರು. ಕೆಲಸದಲ್ಲಿ ಒಂದು ಅಚ್ಚುಕಟ್ಟು ಇತ್ತು. ಅಷ್ಟು ಅಚ್ಚುಕಟ್ಟಾಗಿ ಮರಳು ಕದ್ದವರನ್ನು ಆ ಹೊಳೆ ಅದುವರೆಗೆ ನೋಡಿರಲಿಲ್ಲ.

ದಂಡೆಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಊರಿನ ಮಾದು ಸ್ವಲ್ಪ ಹೊತ್ತು ನಿಂತು ನೋಡಿದ. "ಯಾರ್ ಸಾ ನೀವು?" ಎಂದು ಕೂಗಿದ.

"ಅಭ್ಯಾಸ ಮಾಡ್ತಾ ಇದ್ದೀನಿ!" ಎಂದು ಮೇಷ್ಟ್ರು ಸಲಿಕೆ ಎತ್ತಿ ತೋರಿಸಿದರು.

ಮಾದು ಎಮ್ಮೆಗಳನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದ.

ಇಲ್ಲೊಂದು ಹಿಂದಿನ ಸಂಗತಿ ಹೇಳಬೇಕು. ಹೊಳೆಯಿಂದ ಮರಳು ಕದಿಯುವವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಚಿಕ್ಕಬಸಪ್ಪನವರು ಆರು ವರ್ಷಗಳಿಂದ ಹನ್ನೊಂದು ಅರ್ಜಿ ಹಾಕಿದ್ದರು. ಹತ್ತಕ್ಕೆ ಉತ್ತರ ಬಂದಿರಲಿಲ್ಲ. ಹನ್ನೊಂದನೆಯದನ್ನು ಸಚಿವರೊಬ್ಬರ ಸಭೆಯಲ್ಲಿ ಎಲ್ಲರೆದುರು ಕೊಟ್ಟಿದ್ದರಿಂದ, ರೆವಿನ್ಯೂ ಇನ್ಸ್‌ಪೆಕ್ಟರು ರಾಮಯ್ಯ ಮತ್ತು ಊರಿನ ಗ್ರಾಮಲೆಕ್ಕಿಗ ಅರ್ಪಿತ, ಇಬ್ಬರೂ ಅದೇ ಭಾನುವಾರ ರಜವನ್ನೂ ಬಿಟ್ಟು ಸ್ಥಳ ಪರಿಶೀಲನೆಗೆ ಬಂದು ಪಂಚಾಯಿತಿ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದರು. ಇಂಥ ಹೊತ್ತಿನಲ್ಲಿ ಮಾದು ಏದುಸಿರು ಬಿಡುತ್ತ ಬಂದು, "ಸಾ! ಒಬ್ಬ ಸಿಕ್ಕಾಕ್ಕೊಂಡವ್ನೆ! ಅವ್ನೇ ಒಪ್ಕಂಡ ಸಾ, ಅಭ್ಯಾಸ ಐತಂತೆ!" ಎಂದ.

ಸರ್ಕಾರ ಹೊಳೆಗೆ ಇಳಿಯಿತು. ಹಿಂದೆ ಊರೂ ಇಳಿಯಿತು.

"ಏನ್ರೀ ನಡೀತಾ ಇದೆ ಇಲ್ಲಿ?" ಎಂದರು ರಾಮಯ್ಯ.

"ಸಮುದ್ರಕ್ಕೆ ಸಾರ್," ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ. "ಸಮುದ್ರಕ್ಕೆ ಹೋಗೋಕೆ ತಯಾರಿ."

"ಸಮುದ್ರಕ್ಕೆ ಇಲ್ಲಿಂದ ಮರಳು ತಗೊಂಡೋಗ್ತಿದ್ರಾ? ಯಾಕ್ರೀ, ಅಲ್ಲಿಲ್ವಾ?"

ಜನ ನಕ್ಕರು. ರಾಮಯ್ಯ ಚೀಲ ಎಣಿಸಿದರು. ಹನ್ನೆರಡು ತುಂಬಿದ್ದವು, ಎರಡು ತುಂಬಬೇಕಾಗಿತ್ತು. ಪ್ರತಿ ಚೀಲದ ಮೇಲೂ ಬಸವೇಶನ ಅಂಗಡಿಯ ಮೊಹರಿತ್ತು. "ಓಹೋ, ದೊಡ್ಡ ಜಾಲ," ಎಂದರು. ನಂಬರ್ ಪ್ಲೇಟಿನ ಅರಿಶಿನ ಕೆರೆದು ನೋಡಿದರು. "ನಂಬರೂ ಮುಚ್ಚವ್ರೆ. ದೇವರ ಹೆಸರಲ್ಲಿ. ಬರೀಮ್ಮ ಅರ್ಪಿತ, ಮಹಜರು."

ಅರ್ಪಿತ ಮುಂದೆ ಬಂದವಳು ತಡೆದು ನಿಂತಳು. ಚಪ್ಪಲಿ ಬಿಟ್ಟಳು. ಬಂದು ಆರೋಪಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ಸಾರ್, ನಾನ್ ಸಾರ್, ಅರ್ಪಿತ. ಟೆಂತ್ ಬಿ. ಮೂರನೇ ಬೆಂಚು. ನದೀ ಮೆಕ್ಕಲು ಪಾಠ ತಪ್ಪಿ ಹೇಳ್ದೆ ಅಂತ ಹೊರಗೆ ನಿಲ್ಲಿಸಿದ್ರಿ."

"ಚೆನ್ನಾಗಿರಮ್ಮ," ಎಂದರು ಮೇಷ್ಟ್ರು.

ಅವಳು ಪಕ್ಕಕ್ಕೆ ಹೋಗಿ ಪ್ಯಾಡು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು: "ಸದರಿ ಸ್ಥಳದಲ್ಲಿ ಸದರಿ ಆಸಾಮಿಯವರಾದ ಪೂಜ್ಯ ಗುರುಗಳು ಸಲಿಕೆ ಸಮೇತ ಕಂಡುಬಂದಿದ್ದು…" ರಾಮಯ್ಯ ಇಣುಕಿ, "ಪೂಜ್ಯ ತೆಗೀಮ್ಮ" ಎಂದರು. ಅವಳು "ಗುರುಗಳು" ಎಂಬುದನ್ನು ಉಳಿಸಿಕೊಂಡಳು.

ಅಷ್ಟರಲ್ಲಿ ಜನ ಎರಡಾಗಿ ಸೀಳಿ ದಾರಿ ಬಿಟ್ಟರು. ಹನ್ನೊಂದು ಅರ್ಜಿಗಳ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಂಕುಳಲ್ಲಿ ಅವುಚಿ, ಹೊಸ ಶಲ್ಯ ಹೊದ್ದು, ಕೋಲೂರಿಕೊಂಡು ಚಿಕ್ಕಬಸಪ್ಪನವರು ಬಂದರು. ಆರು ವರ್ಷದ ಹೋರಾಟ ಫಲಿಸಿದ ಕಳೆ ಅವರ ಮುಖದಲ್ಲಿತ್ತು.

"ಎಲ್ಲಿ? ಯಾವನ್ಲಾ ಅವ್ನು, ಒಳೆ ತಿಂದ್ ನನ್ಮಗ? ತೋರ್ಸಿ ನಂಗೆ!"

ಯಾರೂ ತೋರಿಸಲಿಲ್ಲ. ತೋರಿಸುವ ಅಗತ್ಯ ಇರಲಿಲ್ಲ. ಮೊಣಕಾಲುದ್ದ ಮರಳಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದರು.

"ಅಳಿಯಂದ್ರಾ…?"

"ಬನ್ನಿ ಮಾವ," ಎಂದರು ಮೇಷ್ಟ್ರು, ಮನೆ ಬಾಗಿಲಲ್ಲಿ ನಿಂತವರ ಹಾಗೆ. ಅಭ್ಯಾಸಬಲ.

ಊರಿಗೆ ಬಂದ ಅಳಿಯನಿಗೆ ನೀರು ಕೊಡದೆ ಮಾತಾಡಿಸುವ ಪದ್ಧತಿ ಹೆಮ್ಮಿಗೆಯಲ್ಲಿಲ್ಲ. ಕಳ್ಳತನದ ವಿಚಾರ ಆಮೇಲೆ. ಚಿಕ್ಕಬಸಪ್ಪನವರು ಯಾರ ಮುಖವನ್ನೂ ನೋಡದೆ, "ನೀರು ತನ್ರಿ" ಎಂದರು. ಮಹಜರು ನಿಂತಿತು. ಹಿತ್ತಾಳೆ ಚೊಂಬಿನಲ್ಲಿ ನೀರೂ ತಟ್ಟೆಯಲ್ಲಿ ಬೆಲ್ಲವೂ ಹೊಳೆಗೆ ಬಂದವು. ತಂದವರು ಮಂಗಳಗೌರಿ. ಅವರ ಹಿಂದೆ ತವರಿನ ಹೆಂಗಸರೆಲ್ಲ ಇದ್ದರು. ಮೇಷ್ಟ್ರು ನಿಂತಲ್ಲೇ ಬೆಲ್ಲ ಕಚ್ಚಿ ನೀರು ಕುಡಿದರು. ರಾಮಯ್ಯ ಮರ್ಯಾದೆಯಿಂದ ಕಾದರು. ಸರ್ಕಾರ ಕೂಡ ಯಾರದೋ ಅಳಿಯನೇ ತಾನೆ.

"ಈಗ ಹೇಳಿ," ಎಂದರು ರಾಮಯ್ಯ. "ಸಾಕ್ಷಿಗೆ ಪಂಚರು ಐದು ಜನ ಬೇಕು. ಮೊದಲನೇ ಸಹಿ ಅರ್ಜಿದಾರರದು. ಹಾಕ್ತೀರಾ ಯಜಮಾನ್ರೇ?"

ಚಿಕ್ಕಬಸಪ್ಪನವರು ಕವರನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದರು. ಅಷ್ಟರಲ್ಲಿ ಬಸವೇಶನೂ ಬಂದಿದ್ದ. ಅಂಗಡಿಯ ಮೊಹರಿನ ಸುದ್ದಿ ಹೋಗಿ, ಬೈಕಿನಲ್ಲಿ ಹಾರಿಬಂದಿದ್ದ. "ಅಣ್ಣ, ಚೀಲ ಕೊಟ್ಟಿದ್ದು ಗೊಬ್ಬರ ತುಂಬಕ್ಕೆ ಅಂದ್ಕಂಡಿದ್ದೆ ನಾನು," ಎಂದು ಜನಕ್ಕೆ ಕೇಳುವ ಹಾಗೆ ಹೇಳಿ ಎರಡು ಹೆಜ್ಜೆ ದೂರ ನಿಂತ.

ಆ ಎರಡು ಹೆಜ್ಜೆಯನ್ನು ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ನನ್ನ ಹತ್ರ ದಾಖಲೆ ಇದೆ!" ಎಂದು ಗುಡುಗಿದರು. ಜೀಪಿನ ಸೀಟಿನ ಕೆಳಗಿಂದ ಯೋಜನೆಯ ಪುಸ್ತಕ ಎಳೆದು ಅರ್ಪಿತಳ ಕೈಗೆ ಕೊಟ್ಟರು. "ಓದಮ್ಮ. ಜೋರಾಗಿ ಓದು. ಹಿಂದಿನವರಿಗೂ ಕೇಳ್ಬೇಕು."

ಹದಿನಾಲ್ಕು ವರ್ಷದ ಹಿಂದಿನ ದನಿ ಕೇಳಿ ಅರ್ಪಿತ ನೆಟ್ಟಗೆ ನಿಂತಳು. ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಸ್ಪಷ್ಟವಾಗಿ ಓದಿದಳು. ಕರಾವಳಿಯ ಮಣ್ಣುದಾರಿ. ಉದ್ದೇಶಗಳು. ಒಂದನೇ ದಿನ ಕಾರವಾರ. ಎಲ್ಲೆಲ್ಲಿ ನದೀಮುಖ, ಎಲ್ಲಿ ಗಾಡಿ ದಾಟಿಸುವ ದೋಣಿ. ಮರಳಿನಲ್ಲಿ ಅನುಸರಿಸಬೇಕಾದ ಕ್ರಮ: ಟೈರು, ಸಲಿಕೆ, ಚೀಲ. ಪುಟ ಪುಟಕ್ಕೂ ರಾಮಯ್ಯನವರ ಮುಖ ಸಡಿಲವಾಯಿತು. ಜನ ತಲೆದೂಗಿದರು. "ಪರವಾಗಿಲ್ಲ, ನಮ್ ಅಳಿಯಂದ್ರು ಭಾರೀ ತಲೆ" ಎಂದ ಮಾದು. ಚಿಕ್ಕಬಸಪ್ಪನವರ ಉಸಿರು ನೇರವಾಯಿತು. ಮಂಗಳಗೌರಿಯ ಮುಖದಲ್ಲಂತೂ ಬೆಳಕು. ಊರವರೆಲ್ಲರ ಎದುರು ತನ್ನ ಸಮುದ್ರವನ್ನು ಒಂದೊಂದು ದಿನವಾಗಿ ಓದಿ ಹೇಳುತ್ತಿದ್ದಾರೆ!

ಎಂಟನೆಯ ಪುಟ ಮುಗಿಯಿತು. ಮೇಷ್ಟ್ರಿಗೆ ಆಗ ಜ್ಞಾಪಕ ಬಂತು.

"ಸಾಕಮ್ಮ," ಎಂದರು. "ಅರ್ಥ ಆಯ್ತಲ್ಲ ಎಲ್ಲರಿಗೂ."

"ಸಾಕು ಅಂದ್ರೆ ಹೆಂಗೆ ಮೇಷ್ಟ್ರೇ," ಎಂದರು ರಾಮಯ್ಯ. "ದಾಖಲೆ ಅಂದ್ಮೇಲೆ ಪೂರ್ತಿ ಓದ್ಬೇಕು. ನಿಮ್ ಒಳ್ಳೇದಕ್ಕೇ. ಓದಮ್ಮ."

"ಹೊರೆ ತಗ್ಗಿಸುವಿಕೆ," ಎಂದು ಓದಿದಳು ಅರ್ಪಿತ. "ಒಂದು, ಗಾಳಿ ತುಂಬುವ ಪಂಪು. ನಾಲ್ಕು ಕೆಜಿ. ಬೇಡ. ಎರಡು, ಕಬ್ಬಿಣದ ಒಲೆ. ಆರು ಕೆಜಿ. ಬೇಡ. ಮೂರು, ಮಂಗಳ…"

ನಿಲ್ಲಿಸಿದಳು. ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಹೊಳೆಯನ್ನು ನೋಡುತ್ತಿದ್ದರು.

"ಓದಮ್ಮ," ಎಂದರು ಮಂಗಳಗೌರಿ.

"ಮೂರು, ಮಂಗಳಗೌರಿ. ಎಪ್ಪತ್ತೆರಡು ಕೆಜಿ. ಬೇಡ." ಅವಳ ದನಿ ಇಳಿದಿತ್ತು. ಆದರೂ ಹಿಂದಿನವರಿಗೆ ಕೇಳಿಸಿತು. "ಷರಾ: ಹೆಮ್ಮಿಗೆಯಲ್ಲಿ ಬಿಡುವುದು. ತಿಳಿಸಲು ಸೂಕ್ತ ಸಮಯ ನೋಡುವುದು."

ಮಾದುವಿನ ಎಮ್ಮೆಯೊಂದು ಕೂಗಿತು. ಹೆಂಗಸರ ಗುಂಪಿನಲ್ಲಿ ಯಾರೋ ಮೆಲ್ಲಗೆ, "ಎಪ್ಪತ್ತೆಲ್ಡಾ?" ಎಂದರು.

"ಅರವತ್ತೆಂಟು," ಎಂದರು ಮಂಗಳಗೌರಿ. ಗಂಡನ ಕಡೆ ತಿರುಗಿ, ಕೂಗದೆ ಕೇಳಿದರು: "ಎಲ್ಲಿ ತೂಗ್ಸಿದ್ರಿ ನನ್ನ?"

ಅಕ್ಕಿಮೂಟೆಯ ಪಕ್ಕ ನಿಂತಿದ್ದಾಗ ಅಂದಾಜು ಹಾಕಿದ್ದೆಂದು ಹೇಳುವುದು ಈಗ ಸೂಕ್ತ ಸಮಯವಲ್ಲವೆಂದು ಮೇಷ್ಟ್ರಿಗೂ ತಿಳಿಯಿತು.

"ಅರವತ್ತೆಂಟು ಅಂತ ತಿದ್ಕೊಳಮ್ಮ," ಎಂದರು ಮಂಗಳಗೌರಿ ಅರ್ಪಿತಳಿಗೆ. "ಸರ್ಕಾರಿ ದಾಖಲೆ. ಸರಿಯಾಗಿರ್ಲಿ." ಖಾಲಿ ಚೊಂಬು ತೆಗೆದುಕೊಂಡು ದಂಡೆ ಹತ್ತಿ ಹೊರಟುಹೋದರು. ತವರಿನ ಹೆಂಗಸರೆಲ್ಲ ಸಾಲಾಗಿ ಹಿಂದೆ ಹೋದರು. ಅವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ರಾಮಯ್ಯ ಪುಸ್ತಕ ಮುಚ್ಚಿದರು. ಅವರ ಕಣ್ಣಲ್ಲಿ ಮೊದಲ ಸಲ ಕನಿಕರ ಇತ್ತು. "ಇವ್ರು ಕಳ್ಳರಲ್ಲ ಬಿಡ್ರೀ," ಎಂದರು ಜನಕ್ಕೆ. "ಇಂಥದ್ದನ್ನ ಯಾವ ಕಳ್ಳನೂ ಕಟ್ಟಿ ಬರೆಯಲ್ಲ. ಆದ್ರೆ ಮೇಷ್ಟ್ರೇ, ಮಹಜರಿಗೆ ನಂಬರ್ ಬಿದ್ದೋಯ್ತು. ಗಾಡಿ ತಾಲ್ಲೂಕಾಫೀಸಿಗೆ ಹೋಗ್ಲೇಬೇಕು. ತಹಸೀಲ್ದಾರ್ ಮುಂದೆ ಬಂದು ಹೇಳಿಕೆ ಕೊಟ್ಟು ಬಿಡಿಸ್ಕೊಳಿ."

ಚಿಕ್ಕಬಸಪ್ಪನವರು ಪೆನ್ನು ಇಸಿದುಕೊಂಡು ಮೊದಲನೇ ಪಂಚರ ಜಾಗದಲ್ಲಿ ನಿಧಾನವಾಗಿ ಸಹಿ ಹಾಕಿದರು.

"ಕಳ್ಳರಾಗಿದ್ರೇ ಚೆಂದಾಗಿತ್ತು," ಎಂದರು.

ಆಮೇಲಿನ ಎರಡು ತಿಂಗಳ ವಿಚಾರ ಹೆಚ್ಚು ಹೇಳುವಂಥದ್ದಲ್ಲ. ಜೀಪನ್ನು ನಾಲ್ಕು ಜೊತೆ ಎತ್ತು ಕಟ್ಟಿ ಎಳೆದರು. ಮಂಗಳಗೌರಿ ವಾರದ ಮೇಲೆ ನಂಜನಗೂಡಿಗೆ ಬಂದರು. ಅಡುಗೆ ಬಂತು, ಕಾಫಿ ಬಂತು. ಮಾತು ಮಾತ್ರ ಷರಾದಲ್ಲಿ ಬರೆದಂತೆ ಹೆಮ್ಮಿಗೆಯಲ್ಲೇ ಉಳಿದಿತ್ತು. ಸುದ್ದಿ ಅವರಿಗಿಂತ ಮೊದಲೇ ಬೀದಿಗೆ ಬಂದಿದ್ದರಿಂದ ಇಡೀ ಬೀದಿಯ ಗಂಡಸರು ಸಂಕಟಕ್ಕೆ ಸಿಕ್ಕಿದರು. ಊಟಕ್ಕೆ ಕೂತಾಗ ಹೆಂಡತಿಯರು ಇದ್ದಕ್ಕಿದ್ದಂತೆ, "ನಾನೆಷ್ಟ್ ತೂಕ ಇದೀನಿ ಅಂದ್ಕಂ‌ಡಿದೀರಿ?" ಎಂದು ಕೇಳತೊಡಗಿದ್ದರು. ಈ ಪ್ರಶ್ನೆಗೆ ಸರಿಯುತ್ತರ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಗುರುಪ್ರಸಾದ್ ಸ್ಟಾಫ್‌ರೂಮಿನಲ್ಲಿ, "ನಿಮ್ಮಿಂದ ನಾಲ್ಕು ದಿನ ಹೋಟ್ಲೂಟ ಸಾರ್" ಎಂದು ನೇರವಾಗಿಯೇ ಹೇಳಿದರು. ಗುರುಮಲ್ಲಪ್ಪ ಮೇಷ್ಟ್ರು ಬೀದಿಯಲ್ಲಿ ನಡೆಯುವುದನ್ನು ಬಿಟ್ಟು ಹಿಂದಿನ ಗಲ್ಲಿಯಿಂದ ಶಾಲೆಗೆ ಹೋಗತೊಡಗಿದರು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ, "ಜೀಪು ಬರ್ಲಿ, ನಿನ್ನೇ ಮುಂದೆ ಕೂರಿಸ್ಕೊಂಡು…" ಎಂದು ಆರಂಭಿಸಿದರು.

"ಸಾರು ಆಕ್ಲಾ?" ಎಂದರು ಮಂಗಳಗೌರಿ.

ತಹಸೀಲ್ದಾರರು ಕೊಟ್ಟ ತಾರೀಕು ಏಪ್ರಿಲ್ ಇಪ್ಪತ್ತೆರಡು. ಕಾರವಾರಕ್ಕೆ ಹೊರಡಬೇಕೆಂದು ಯೋಜನೆಯಲ್ಲಿದ್ದ ದಿನವೂ ಅದೇ. ಅದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ, ಮಂಗಳಗೌರಿ ಬೇಗ ಒಣಗುವ ಸೀರೆಯುಟ್ಟು, ಕೈಯಲ್ಲೊಂದು ಬ್ಯಾಗು ಹಿಡಿದು, "ಅನ್ನ ಮಾಡ್ಕೊಳಿ. ಗೊಜ್ಜು ಇದೆ, ಕೆಟ್ಟಿಲ್ಲ" ಎಂದರು. ಬಾಗಿಲಲ್ಲಿ ವೆಂಕಟಮ್ಮ ಆಧಾರ್ ಕಾರ್ಡನ್ನು ಕುತ್ತಿಗೆಗೆ ತಗುಲಿಸಿಕೊಂಡು ನಿಂತಿದ್ದರು. ಆಧಾರ್ ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಎಲ್ಲಿಗೆ ಎಂದು ಕೇಳುವ ಹಕ್ಕು ತಮಗಿದೆಯೇ ಎಂದು ಮೇಷ್ಟ್ರು ಯೋಚಿಸುವಷ್ಟರಲ್ಲಿ ಅವರಿಬ್ಬರೂ ಬೀದಿಯ ತಿರುವು ದಾಟಿದ್ದರು.

ಇಪ್ಪತ್ತೆರಡರ ಮಧ್ಯಾಹ್ನ ತಿ. ನರಸೀಪುರದ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಮೇಷ್ಟ್ರು, ಪಕ್ಕದಲ್ಲಿ ಬಸವೇಶ. ಗಾಡಿ ಬಿಡಿಸಿಕೊಳ್ಳಲು ಊರಿನವರೊಬ್ಬರ ಜಾಮೀನು ಬೇಕಾಗಿತ್ತು. ಬೇರೆ ಯಾರನ್ನೂ ಕೇಳುವ ಮುಖ ಮೇಷ್ಟ್ರಿಗೆ ಇರಲಿಲ್ಲ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಗೆ ಕೂತಿತ್ತು.

"ಅಣ್ಣ," ಎಂದ ಬಸವೇಶ, ನೆಲ ನೋಡುತ್ತ. "ಒಂದ್ ಮಾತು ಹೇಳ್ತೀನಿ, ಬೈಬೇಡಿ. ಆ ಫೋಟೋದಲ್ಲಿದ್ದ ಜೀಪು… ನಾನು ಓಡ್ಸಿಲ್ಲ. ಕಂಪ್ನಿಯೋರು ನಮ್ಮನ್ನ ಬಸ್ಸಲ್ಲಿ ಕರ್ಕಂಡೋಗಿದ್ರು. ಅದ್ಯಾರ್ದೋ, ನಿಂತಿತ್ತು. ಪಕ್ಕ ನಿಂತ್ಕಂಡೆ. ಓನರು ಬಂದು ಬೈದ."

"ಮರಳು ಎಲ್ಲಿ ಗಟ್ಟಿ ಇರತ್ತೆ ಅಂತ ಕೇಳಿದ್ಯಲ್ಲ?"

"ನಂಗೂ ಗೊತ್ತಿಲ್ಲ ಅಣ್ಣ. ನಿಮ್ಗೆ ಗೊತ್ತಿರ್ತದೆ ಅಂತ ಕೇಳ್ದೆ."

ಮೇಷ್ಟ್ರಿಗೆ ಸಿಟ್ಟು ಬಂದಿದ್ದರೆ ಹಗುರವಾಗುತ್ತಿತ್ತು. ಬರಲಿಲ್ಲ. ಅಷ್ಟರಲ್ಲಿ ಫೋನು ಬಡಿಯಿತು. ಮಂಗಳಗೌರಿ. ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿ ಸ್ಪೀಕರು ಹತ್ತಿಕೊಂಡಿತು. ಭೋರ್ ಎಂಬ ಸದ್ದು ವರಾಂಡ ತುಂಬಿತು. ಪಹಣಿಗೆ ಕಾದಿದ್ದ ರೈತರು ತಿರುಗಿ ನೋಡಿದರು.

"ರೀ, ಕೇಳುಸ್ತದಾ?"

"ಎಲ್ಲಿದ್ದೀಯ?"

"ಮರವಂತೇಲಿ."

"ಮರವಂತೆ ಅಂದ್ರೆ… ಅದು ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ಮಧ್ಯೆ…"

"ಗೊತ್ತು. ಮಧ್ಯೇಲೇ ನಿಂತಿವ್ನಿ."

ಮೇಷ್ಟ್ರು ಕೇಳಬೇಕಾದದ್ದು ಬೇರೆಯೇ ಇತ್ತು. ಇಡೀ ವರಾಂಡ ಕಿವಿಗೊಟ್ಟಿದ್ದರಿಂದ ಬಾಯಿಗೆ ಬಂದದ್ದು ಇಷ್ಟೇ: "ದಾರಿ… ದಾರಿ ಹೇಗಿದೆ?"

"ಡಾಂಬ್ರು ಕಣ್ರೀ. ಒಳ್ಳೇ ರಸ್ತೆ. ಬಸ್ಸು ಸಮುದ್ರದ ಪಕ್ಕದಲ್ಲೇ ಓಯ್ತದೆ. ಇಳಿದ್ರೆ ಹತ್ತೆಜ್ಜೆ."

"ಹತ್ತೇ?"

"ವೆಂಕಟಮ್ಮನ್ ಲೆಕ್ಕದಲ್ಲಿ ಹದ್ನಾಲ್ಕು. ಅವ್ರದು ಗಿಡ್ಡ ಕಾಲು."

ಬಸವೇಶ ತನ್ನ ಚಪ್ಪಲಿಯನ್ನು ದಿಟ್ಟಿಸುತ್ತಿದ್ದ. ಹತ್ತಿರ ಕೂತಿದ್ದ ಮುದುಕನೊಬ್ಬ ಮೆಲ್ಲಗೆ, "ಅದೇನ್ ಸಾ ಆ ಸದ್ದು, ಮಿಲ್ಲಾ?" ಎಂದು ಕೇಳಿದ. ಇಪ್ಪತ್ತೇಳು ವರ್ಷ ಮಕ್ಕಳಿಗೆ ನಿರಾಯಾಸವಾಗಿ ಹೇಳಿದ ಆ ಮೂರಕ್ಷರವನ್ನು ಬಿಟ್ಟು ಮೇಷ್ಟ್ರು ಫೋನನ್ನೇ ಅವನ ಕಿವಿಯ ಕಡೆ ಹಿಡಿದರು.

ಒಳಗಿನಿಂದ ಗುಮಾಸ್ತ ಕೂಗಿದ: "ಮರಳು ಕೇಸು ಗುರುಮಲ್ಲಪ್ಪ ಯಾರ್ರೀ? ಬನ್ನಿ!"

ಮೇಷ್ಟ್ರು ಎದ್ದರು. ಫೋನು ಹಿಡಿದ ಕೈ ಇಳಿಸಲಿಲ್ಲ. "ಮಂಗಳಾ…" ಎಂದರು.

"ಯಾರೋ ಕೂಗ್ತಾವ್ರೆ, ಓಗಿ," ಎಂದರು ಮಂಗಳಗೌರಿ. "ನಾನಿನ್ನೂ ಒಸಿ ಒತ್ತು ಇರ್ತೀನಿ."